ಮೇಜರ್ ಪದವಿ ಕೊಟ್ಟವರು ಯಾರು?

ಹಿಂದೊಮ್ಮೆ ನನ್ನೊಂದಿಗೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರನ್ನು ಕಚೇರಿಯಲ್ಲಿ ಎಲ್ಲರೂ ‘ಮೇಜರ್’ ಎಂದೇ ಕರೆಯುತ್ತಿದ್ದರು. ಅವರು ಸೇನೆಯಲ್ಲಿ ಒಂದು ದಿನವೂ ಇದ್ದವರಲ್ಲ. ಪ್ರತಿ ಸಭೆಗೂ ಹತ್ತು ನಿಮಿಷ ಮೊದಲೇ ಬಂದು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು, ತಡವಾಗಿ ಬಂದವರನ್ನು ಬೈಯದೆ ತಮ್ಮ ಕೈಗಡಿಯಾರವನ್ನಷ್ಟೇ ನೋಡಿಕೊಳ್ಳುತ್ತಿದ್ದರು. ಪದವಿ ದಕ್ಕಲು ಅಷ್ಟು ಸಾಕಾಗಿತ್ತು. ಹೊಸದಾಗಿ ಸೇರಿದ ಹುಡುಗನೊಬ್ಬ ಭಯಭಕ್ತಿಯಿಂದ ‘ಸರ್, ತಾವು ಯಾವ ರೆಜಿಮೆಂಟಿನಲ್ಲಿದ್ದಿರಿ?’ ಎಂದು ಕೇಳಿದಾಗ ಅವರು ಮೇಜುಗಳ ಸಾಲಿನ ಕಡೆಗೆ ಕೈ ತೋರಿಸಿ ‘ಇದೇ ರೆಜಿಮೆಂಟು’ ಎಂದರು. ನಾವೆಲ್ಲ ನಕ್ಕೆವು. ಆದರೆ ಹುಡುಗನ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಕೊಂಡಿತು, ಏಕೆಂದರೆ ಅವನು ಕೇಳಿದ್ದು ರೆಜಿಮೆಂಟಿನ ಹೆಸರನ್ನಾದರೂ ಅದರ ಹಿಂದಿದ್ದ ಪ್ರಶ್ನೆ ಬೇರೆ: ಈ ಪದವಿಯನ್ನು ನಿಮಗೆ ಕೊಟ್ಟವರು ಯಾರು?

ಸೇನೆಯೊಳಗೆ ಈ ಪ್ರಶ್ನೆಗೆ ಒಂದೇ ಉತ್ತರ. ಪದವಿ ಮೇಲಿನಿಂದ ಬರುತ್ತದೆ, ಕಾಗದದ ಮೇಲೆ ಬರುತ್ತದೆ, ತಪ್ಪು ಮಾಡಿದರೆ ಮೇಲಿನಿಂದಲೇ ಹೋಗುತ್ತದೆ. ಸೇನೆಯ ಗೇಟು ದಾಟಿ ಹೊರಬಂದ ಮೇಲೆ ಅದೇ ಪದವಿಯನ್ನು ರಾಜ್ಯಪಾಲರು ಕೊಡಬಹುದು, ಅಭಿಮಾನಿಗಳು ಕೊಡಬಹುದು, ಸಹೋದ್ಯೋಗಿಗಳು ತಮಾಷೆಗೆ ಕೊಡಬಹುದು, ಕೊನೆಗೆ ಯಾರೂ ಕೊಡದಿದ್ದರೆ ತಾನೇ ತಗೊಳ್ಳಬಹುದು. ಹೀಗೆ ಸಿಕ್ಕ ಪದವಿಗಳಲ್ಲಿ ಯಾವುದು ಗೌರವ, ಯಾವುದು ಪ್ರೀತಿ, ಯಾವುದು ಬರಿಯ ಆಡಂಬರ ಎಂಬುದು ಪದದಿಂದ ತಿಳಿಯುವುದಿಲ್ಲ, ಕೊಟ್ಟ ಕೈಯಿಂದ ತಿಳಿಯುತ್ತದೆ.

ಹಾಗೆ ನೋಡಿದರೆ ಈ ಪದಗಳಲ್ಲಿ ಹಲವು ಹುಟ್ಟುವಾಗ ಸೇನೆಯವೇ ಆಗಿರಲಿಲ್ಲ. ಕ್ಯಾಪ್ಟನ್ ಎಂಬುದರ ಮೂಲ ಲ್ಯಾಟಿನ್ನಿನ ‘ಕಾಪುಟ್’, ಅಂದರೆ ತಲೆ. ನಮ್ಮಲ್ಲಿ ಮುಖ್ಯಸ್ಥ ಎಂಬ ಮಾತು ಮುಖದಿಂದ ಬಂದ ಹಾಗೆ. ಲೆಫ್ಟಿನೆಂಟ್ ಎಂದರೆ ಇನ್ನೊಬ್ಬನ ಸ್ಥಾನವನ್ನು ಹಿಡಿದುಕೊಂಡು ನಿಂತವನು. ಸಾರ್ಜೆಂಟ್ ಮೂಲದಲ್ಲಿ ಸೇವಕ. ಸೇನೆಯ ತುತ್ತತುದಿಯಲ್ಲಿ ಕೂತಿರುವ ಮಾರ್ಷಲ್ ಎಂಬ ಪದ ಹಳೆಯ ಜರ್ಮ್ಯಾನಿಕ್ ನುಡಿಗಳಲ್ಲಿ ಕುದುರೆ ನೋಡಿಕೊಳ್ಳುವ ಆಳನ್ನು ಸೂಚಿಸುತ್ತಿತ್ತು. ಕರ್ನಲ್ ಎಂಬುದು ಇಟಾಲಿಯನ್ನಿನ ‘ಕೊಲೊನ್ನೆಲ್ಲೊ’ದಿಂದ ಬಂದದ್ದು, ಸೈನಿಕರ ಒಂದು ಕಂಬಸಾಲನ್ನು ನಡೆಸುವವನು ಎಂದರ್ಥ. ಇಂಗ್ಲಿಷಿನವರು ಅದನ್ನು ‘ಲ’ಕಾರ ಇಟ್ಟು ಬರೆಯುತ್ತಾರೆ, ‘ರ’ಕಾರ ಇಟ್ಟು ಓದುತ್ತಾರೆ, ಫ್ರೆಂಚಿನ ಮೂಲಕ ‘ಕೊರೊನೆಲ್’ ಆಗಿ ಬಂದ ಉಚ್ಚಾರಣೆ ಉಳಿದುಕೊಂಡು, ಇಟಾಲಿಯನ್ ಕಾಗುಣಿತ ಅದರ ಮೇಲೆ ಬಂದು ಕೂತದ್ದೇ ಈ ಗೊಂದಲಕ್ಕೆ ಕಾರಣ. ಕಿವಿಗೆ ಬಿದ್ದುದನ್ನು ಬಿದ್ದ ಹಾಗೆ ಬರೆದುಕೊಂಡ ನಮಗೆ ಈ ತಾಪತ್ರಯವಿಲ್ಲ.

ಜನರಲ್ ಪದದ ಕತೆ ಇನ್ನೂ ಸ್ವಾರಸ್ಯವಾದುದು. ಅದು ಮೊದಲು ನಾಮಪದವೇ ಅಲ್ಲ, ವಿಶೇಷಣ. ‘ಕ್ಯಾಪ್ಟನ್ ಜನರಲ್’ ಎಂದರೆ ಒಟ್ಟು ಸೇನೆಗೆ ನಾಯಕ. ಮೇಜರ್ ಜನರಲ್ ಮೂಲದಲ್ಲಿ ‘ಸಾರ್ಜೆಂಟ್ ಮೇಜರ್ ಜನರಲ್’ ಆಗಿದ್ದು ಮುಂದಿನ ಸಾರ್ಜೆಂಟ್ ಉದುರಿಹೋಯಿತು. ಮೇಜರ್‌ಗಿಂತ ಲೆಫ್ಟಿನೆಂಟ್ ಕಿರಿಯನಾದರೂ ಮೇಜರ್ ಜನರಲ್‌ಗಿಂತ ಲೆಫ್ಟಿನೆಂಟ್ ಜನರಲ್ ಹಿರಿಯನಾಗಿರುವ ವಿಚಿತ್ರಕ್ಕೆ ಇದೇ ಕಾರಣ. ಅಟಾರ್ನಿ ಜನರಲ್, ಪೋಸ್ಟ್‌ಮಾಸ್ಟರ್ ಜನರಲ್ ಮುಂತಾದ ಹುದ್ದೆಗಳಲ್ಲಿ ಆ ಪದ ಇಂದಿಗೂ ವಿಶೇಷಣವಾಗಿಯೇ ದುಡಿಯುತ್ತಿದೆ. ಹೀಗಿದ್ದೂ ಅಮೆರಿಕದಲ್ಲಿ ಅಟಾರ್ನಿ ಜನರಲ್ ಅವರನ್ನು ಎದುರಿಗೆ ಸಂಬೋಧಿಸುವಾಗ ‘ಜನರಲ್’ ಎನ್ನುವ ವಾಡಿಕೆಯಿದೆ. ವ್ಯಾಕರಣದ ಬಾಲವೊಂದು ಹೀಗೆ ಸೇನಾಪತಿಯಾಗಿಬಿಡುತ್ತದೆ.

ಮೇಲಿನಿಂದ ಬಂದರೂ ಸೇನೆಯಿಂದ ಬಾರದ ಪದವಿಗೆ ಅಮೆರಿಕದ ಕೆಂಟಕಿ ರಾಜ್ಯದ ಕರ್ನಲ್‌ಗಿರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1812ರಲ್ಲಿ ಬ್ರಿಟನ್ನಿನೊಡನೆ ಆರಂಭವಾದ ಯುದ್ಧದ ಕಾಲದಲ್ಲಿ ಕೆಂಟಕಿಯ ಗವರ್ನರ್ ಆಗಿದ್ದ ಐಸಾಕ್ ಶೆಲ್ಬಿ, 1813ರಲ್ಲಿ ಚಾರ್ಲ್ಸ್ ಟಾಡ್ ಎಂಬ ಅಧಿಕಾರಿಯನ್ನು ಕರ್ನಲ್ ದರ್ಜೆ ಕೊಟ್ಟು ತನ್ನ ಆಪ್ತ ಸಹಾಯಕನನ್ನಾಗಿ ನೇಮಿಸಿಕೊಂಡ. ಗವರ್ನರನ ಸುತ್ತ ಸಮವಸ್ತ್ರ ತೊಟ್ಟು ನಿಲ್ಲುವ ಕೆಲಸ ಕಾಲಕ್ರಮದಲ್ಲಿ ಸವೆದು, ಕೊನೆಗೆ ಸಮವಸ್ತ್ರವೂ ಇಲ್ಲದೆ ಕೆಲಸವೂ ಇಲ್ಲದೆ ಹೆಸರೊಂದು ಉಳಿಯಿತು. ಇಂದು ಅದು ರಾಜ್ಯ ಕೊಡುವ ಗೌರವ ಬಿರುದು, ಅಷ್ಟೆ. 1935ರಲ್ಲಿ ಗವರ್ನರ್ ರೂಬಿ ಲಾಫೂನ್ ಈ ಬಿರುದನ್ನು ಕಾರ್ಬಿನ್ ಊರಿನ ಪೆಟ್ರೋಲ್ ಬಂಕಿನಲ್ಲಿ ಪ್ರಯಾಣಿಕರಿಗೆ ಊಟ ಬಡಿಸುತ್ತಿದ್ದ ಹಾರ್ಲೆಂಡ್ ಸ್ಯಾಂಡರ್ಸ್ ಎಂಬವರಿಗೆ, ಅಂದರೆ ಮುಂದೆ ಕೆಎಫ್‌ಸಿ ಎಂಬ ಕರಿದ ಕೋಳಿಯ ಹೋಟೆಲುಗಳಿಂದ ಹೆಸರಾದವರಿಗೆ, ಕೊಟ್ಟರು. ಸ್ಯಾಂಡರ್ಸ್ ಹದಿಹರೆಯದಲ್ಲಿ ಸೇನೆ ಸೇರಿ ಕ್ಯೂಬಾದಲ್ಲಿ ಕೆಲವು ತಿಂಗಳು ಇದ್ದು ಬಂದವರು ನಿಜ, ಆದರೆ ಕರ್ನಲ್ ದರ್ಜೆ ಅವರ ಸೇವೆಯಿಂದ ಗಾವುದ ದೂರದಲ್ಲಿತ್ತು. ಬಿರುದು ಬಂದು ಬಹಳ ವರ್ಷಗಳಾದ ಮೇಲೆ, ಮುಪ್ಪು ಸಮೀಪಿಸುವಾಗ, ಅವರು ಬಿಳಿಯ ಸೂಟು ಹೊಲಿಸಿಕೊಂಡರು, ಎಳೆಯಂಥ ಕಪ್ಪು ಟೈ ಕಟ್ಟಿದರು, ಗಡ್ಡವನ್ನು ತಲೆಗೂದಲಿಗೆ ಒಪ್ಪುವಂತೆ ಬೆಳ್ಳಗೆ ಮಾಡಿಕೊಂಡರು. ಪದವಿಗೆ ಸಮವಸ್ತ್ರ ಇಲ್ಲದಿದ್ದಾಗ ಸಮವಸ್ತ್ರವನ್ನು ತಾವೇ ಕಲ್ಪಿಸಿಕೊಂಡ ಆ ಜಾಣತನವನ್ನು ನಾನು ಮೆಚ್ಚುತ್ತೇನೆ. ಜಗತ್ತಿನಲ್ಲಿ ಅತಿ ಹೆಚ್ಚು ಜನ ಗುರುತಿಸಬಲ್ಲ ಕರ್ನಲ್ ಒಬ್ಬ ಕೋಳಿ ಕರಿಯುವವನು ಎಂದರೆ ಅತಿಶಯೋಕ್ತಿಯಾಗಲಾರದು.

ಗಾಯಕ ಎಲ್ವಿಸ್ ಪ್ರೀಸ್ಲಿಯ ಮ್ಯಾನೇಜರ್ ಆಗಿದ್ದ ‘ಕರ್ನಲ್’ ಟಾಮ್ ಪಾರ್ಕರ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅವರಿಗೆ 1948ರಲ್ಲಿ ಈ ಗೌರವ ಪದವಿಯನ್ನು ಕೊಟ್ಟವರು ಲೂಸಿಯಾನಾದ ಗವರ್ನರ್ ಜಿಮ್ಮಿ ಡೇವಿಸ್, ಅವರೂ ಗಾಯಕರೇ. ಪಾರ್ಕರ್ ಅಸಲಿಗೆ ನೆದರ್ಲೆಂಡ್ಸಿನ ಬ್ರೆಡಾದಲ್ಲಿ ಹುಟ್ಟಿದ ಆಂದ್ರೆಯಾಸ್ ಕಾರ್ನೆಲಿಸ್ ಫಾನ್ ಕೌಕ್. ಅಮೆರಿಕದ ಸೇನೆಯಲ್ಲಿ ಸಾಮಾನ್ಯ ಸಿಪಾಯಿಯಾಗಿದ್ದಾಗ ಅನುಮತಿಯಿಲ್ಲದೆ ಕಾಣೆಯಾಗಿ ಶಿಕ್ಷೆ ಅನುಭವಿಸಿದವರು. ಹೆಸರು ತಾವು ಇಟ್ಟುಕೊಂಡದ್ದು, ಪದವಿ ಗವರ್ನರ್ ಕೊಟ್ಟದ್ದು, ಸೇನೆ ಕೊಟ್ಟದ್ದು ಶಿಕ್ಷೆ. ಇಷ್ಟಾದರೂ ಅವರು ಬದುಕಿನುದ್ದಕ್ಕೂ ಎಲ್ಲರಿಂದ ಕರ್ನಲ್ ಎಂದೇ ಕರೆಸಿಕೊಂಡರು.

ಕೆಳಗಿನಿಂದ ಮೇಲಕ್ಕೆ ಬರುವ ಪದವಿಗಳ ರೀತಿಯೇ ಬೇರೆ. 1796ರ ಮೇ ತಿಂಗಳಿನಲ್ಲಿ ಇಟಲಿಯ ಲೋದಿಯಲ್ಲಿ ನಡೆದ ಕದನದ ಕಾಲಕ್ಕೆ ನೆಪೋಲಿಯನ್ ಇಪ್ಪತ್ತಾರು ವರ್ಷದ ಜನರಲ್. ಫಿರಂಗಿಯ ಗುರಿಯನ್ನು ಸ್ವತಃ ನಿಂತು ಸರಿಪಡಿಸುತ್ತಿದ್ದ ಅವನಿಗೆ ಸೈನಿಕರು ‘ಪುಟ್ಟ ಕಾರ್ಪೊರಲ್’ ಎಂದು ಹೆಸರಿಟ್ಟರು ಎಂಬ ಐತಿಹ್ಯವಿದೆ. ಜನರಲ್ ಒಬ್ಬನನ್ನು ಕಾರ್ಪೊರಲ್ ಎನ್ನುವುದು ಕಾಗದದ ಮೇಲಾದರೆ ಘೋರ ಹಿಂಬಡ್ತಿ, ಸಿಪಾಯಿಗಳ ಬಾಯಲ್ಲಿ ಅದಕ್ಕಿಂತ ದೊಡ್ಡ ಬಡ್ತಿ ಇಲ್ಲ. ಚಕ್ರವರ್ತಿಯಾದ ಮೇಲೂ ಆ ಹೆಸರು ಅವನನ್ನು ಬಿಡಲಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು, ಚಿಕ್ಕವನಿಗೆ ದೊಡ್ಡ ಪದವಿ ಕೊಟ್ಟು ನಗುವುದು. ಹತ್ತೊಂಬತ್ತನೆಯ ಶತಮಾನದ ಪ್ರದರ್ಶಕ ಪಿ. ಟಿ. ಬಾರ್ನಮ್, ಚಾರ್ಲ್ಸ್ ಸ್ಟ್ರಾಟನ್ ಎಂಬ ಕುಬ್ಜ ಬಾಲಕನನ್ನು ‘ಜನರಲ್ ಟಾಮ್ ಥಂಬ್’ ಎಂಬ ಹೆಸರಿನಿಂದ ಊರೂರು ತಿರುಗಿಸಿದ, 1844ರಲ್ಲಿ ವಿಕ್ಟೋರಿಯಾ ರಾಣಿಯ ಎದುರಿಗೂ ನಿಲ್ಲಿಸಿದ. ಆ ನಗುವಿನಲ್ಲಿ ಕ್ರೌರ್ಯ ಇಲ್ಲವೆನ್ನಲಾರೆ. ಆದರೆ ಇಂಥ ಹೆಸರನ್ನು ಗೆದ್ದುಕೊಂಡವರೂ ಇದ್ದಾರೆ. ಇಂಡಿಯಾನಾಪೊಲಿಸ್ ನಗರದ ಸೈಕಲ್ ಅಂಗಡಿಯೊಂದರ ಮುಂದೆ ಸೈನಿಕನ ವೇಷ ತೊಟ್ಟು ಸೈಕಲ್ ಸಾಹಸ ತೋರಿಸುತ್ತಿದ್ದ ಕಪ್ಪು ಹುಡುಗ ಮಾರ್ಷಲ್ ವಾಲ್ಟರ್ ಟೇಲರ್‌ಗೆ ಆ ವೇಷದಿಂದಾಗಿಯೇ ‘ಮೇಜರ್’ ಎಂಬ ಹೆಸರು ಅಂಟಿಕೊಂಡಿತು. 1899ರಲ್ಲಿ ಅವನು ಸೈಕಲ್ ಸ್ಪ್ರಿಂಟಿನಲ್ಲಿ ವಿಶ್ವ ಚಾಂಪಿಯನ್ ಆದಾಗ ಪ್ರಪಂಚ ಅವನನ್ನು ಅರಿತದ್ದು ಮೇಜರ್ ಟೇಲರ್ ಎಂದೇ. ಅಂಗಡಿಯ ಜಾಹೀರಾತಿಗೆ ತೊಟ್ಟ ವೇಷ ದಾಖಲೆಯ ಹೆಸರಾಯಿತು. ಅವನ ಹುಟ್ಟುಹೆಸರಿನಲ್ಲಿಯೇ ಒಬ್ಬ ಮಾರ್ಷಲ್ ಇದ್ದನಲ್ಲ, ಅವನನ್ನು ಯಾರೂ ಗಮನಿಸಲಿಲ್ಲ.

ಹ್ಯಾರಿಯೆಟ್ ಟಬ್‌ಮನ್ ಅವರದು ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಸಂಗ. ಅಮೆರಿಕದಲ್ಲಿ ಗುಲಾಮಗಿರಿಯಿಂದ ತಾವು ತಪ್ಪಿಸಿಕೊಂಡು, ಮತ್ತೆ ಮತ್ತೆ ಹಿಂದಿರುಗಿ ಇತರರನ್ನೂ ಬಿಡಿಸಿ ತಂದ ಈಕೆಯನ್ನು 1858ರಲ್ಲಿ ಭೇಟಿಯಾದ, ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಜಾನ್ ಬ್ರೌನ್ ‘ಜನರಲ್ ಟಬ್‌ಮನ್’ ಎಂದು ಕರೆದ. ಆತನಿಗೆ ಯಾರಿಗೂ ಪದವಿ ಕೊಡುವ ಅಧಿಕಾರವಿರಲಿಲ್ಲ, ಆಕೆಗೆ ಕಾನೂನಿನ ಕಣ್ಣಿನಲ್ಲಿ ಸ್ವಾತಂತ್ರ್ಯವೂ ಇರಲಿಲ್ಲ. ಐದು ವರ್ಷಗಳ ನಂತರ, 1863ರ ಜೂನ್‌ನಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ ಕಾಂಬಹೀ ನದಿಯ ಮೇಲೆ ನಡೆದ ಸೇನಾ ದಾಳಿಗೆ ಆಕೆ ದಾರಿ ತೋರಿಸಿ ಏಳುನೂರಕ್ಕೂ ಹೆಚ್ಚು ಜನರ ಬಿಡುಗಡೆಗೆ ಕಾರಣರಾದರು. 2024ರಲ್ಲಿ ಮೇರಿಲ್ಯಾಂಡ್ ರಾಜ್ಯ ಅವರಿಗೆ ಮರಣೋತ್ತರವಾಗಿ ತನ್ನ ನ್ಯಾಷನಲ್ ಗಾರ್ಡಿನ ಬ್ರಿಗೇಡಿಯರ್ ಜನರಲ್ ಪದವಿಯನ್ನು ಕೊಟ್ಟಿತು. ಅಡ್ಡಹೆಸರಿನ ಹಿಂದೆ ಕಾಗದ ಬಂದು ಸೇರಲು 166 ವರ್ಷ ಹಿಡಿಯಿತು.

ಅಡ್ಡಹೆಸರು ಎನ್ನುವಾಗ ಒಂದು ಮಾತು. ನಮ್ಮಲ್ಲಿ ಕೆಲವರಿಗೆ ಈ ಪದದ ಅರ್ಥ ತಮಾಷೆಯ ಹೆಸರು, ಉಳಿದವರಿಗೆ ಮನೆತನದ ಹೆಸರು. ಸೇನಾ ಪದವಿಗಳು ಎರಡೂ ಅರ್ಥದಲ್ಲಿ ಅಡ್ಡಹೆಸರಾಗಿವೆ: ದಳವಾಯಿ, ಹವಾಲ್ದಾರ, ಕಿಲ್ಲೇದಾರ, ಸುಬೇದಾರ ಮನೆತನಗಳಲ್ಲಿ ಇಂದು ಕೋಟೆಯೂ ಇಲ್ಲ, ದಳವೂ ಇಲ್ಲ. ಪದವಿ ಕೆಳಗೆ ಜಾರಿದ್ದೂ ಉಂಟು. ಜಮಾದಾರ ಎಂಬುದು ಭಾರತೀಯ ಸೇನೆಯಲ್ಲಿ ಗೌರವದ ದರ್ಜೆಯಾಗಿತ್ತು, ಅದೇ ಮಾತು ಹೊರಗೆ ಕಸ ಗುಡಿಸುವವರನ್ನು ಕರೆಯುವ ಪದವೂ ಆಗಿತ್ತು. 1965ರಲ್ಲಿ ಸೇನೆ ಆ ದರ್ಜೆಯ ಹೆಸರನ್ನು ನಾಯಬ್ ಸುಬೇದಾರ್ ಎಂದು ಬದಲಾಯಿಸಿತು.

ಆಟದ ಮೈದಾನದಲ್ಲಿ ಮೇಲಿನ ಪದವಿಯೂ ಕೆಳಗಿನ ಪದವಿಯೂ ಕಲಸಿಹೋಗುತ್ತವೆ. 1949ರಲ್ಲಿ ಹಂಗೇರಿಯ ಕಿಶ್ಪೆಶ್ಟ್ ಫುಟ್‌ಬಾಲ್ ಕ್ಲಬ್ಬು ಸೇನೆಯ ಕೈಗೆ ಹೋಗಿ ಹೊನ್ವೇದ್ ಆದಾಗ ಆಟಗಾರರಿಗೆಲ್ಲ ಸೇನಾ ದರ್ಜೆ ಬಂತು. ಫೆರೆಂಟ್ಸ್ ಪುಷ್ಕಾಶ್ ‘ನಾಗಾಲೋಟದ ಮೇಜರ್’ ಎಂದು ಹೆಸರಾದದ್ದು ಹಾಗೆ. 1953ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6–3ರಿಂದ ಮಣಿಸಿದ ತಂಡದ ನಾಯಕ ಅವನೇ. ಭಾರತದ ಮೊದಲ ಟೆಸ್ಟ್ ನಾಯಕ ಸಿ. ಕೆ. ನಾಯುಡು ಅವರಿಗೆ ಹೋಳ್ಕರ್ ಸಂಸ್ಥಾನದ ಸೇನೆಯಲ್ಲಿ ಕರ್ನಲ್ ಪದವಿಯಿತ್ತು. 1975ರ ಇರಾನಿ ಟ್ರೋಫಿಯಲ್ಲಿ ತರುಣ ದಿಲೀಪ್ ವೆಂಗ್‌ಸರ್ಕಾರ್ ಬ್ಯಾಟ್ ಬೀಸಿದ ರೀತಿ ನೋಡಿದವರಿಗೆ ನಾಯುಡು ನೆನಪಾದರು, ಹಾಗಾಗಿ ಅವರೂ ‘ಕರ್ನಲ್’ ಆದರು. ಸಂಸ್ಥಾನ ಅಳಿದಿತ್ತು, ಅದರ ಸೇನೆ ಅಳಿದಿತ್ತು, ಕರ್ನಲ್‌ಗಿರಿ ಮಾತ್ರ ಬ್ಯಾಟಿನ ಮೂಲಕ ಮುಂದಿನ ತಲೆಮಾರಿಗೆ ಸಂದಿತು. ಇನ್ನು ಕಪಿಲ್ ದೇವ್, ಧೋನಿ ಅವರಿಗೆ ಪ್ರಾದೇಶಿಕ ಸೇನೆ ಕೊಟ್ಟಿರುವ ಲೆಫ್ಟಿನೆಂಟ್ ಕರ್ನಲ್ ಪದವಿ ಅಭಿಮಾನಿಗಳ ಉಡುಗೊರೆಯಲ್ಲ, ಅಧಿಕೃತ ಗೌರವ. ನಮ್ಮ ಸಂವಿಧಾನದ 18ನೆಯ ವಿಧಿ ಪ್ರಭುತ್ವ ಯಾರಿಗೂ ಬಿರುದು ಕೊಡಬಾರದು ಎಂದು ಹೇಳಿ, ಸೇನೆಯ ಮತ್ತು ವಿದ್ಯೆಯ ವಿಶಿಷ್ಟ ಪದವಿಗಳಿಗೆ ಮಾತ್ರ ವಿನಾಯಿತಿ ಕೊಟ್ಟಿದೆ. ರಾವ್ ಬಹದ್ದೂರರು ಹೋದರೂ ಕರ್ನಲರು ಉಳಿದದ್ದಕ್ಕೆ ಈ ವಿನಾಯಿತಿಯೇ ಆಧಾರ. ಧೋನಿ 2015ರಲ್ಲಿ ಆಗ್ರಾದಲ್ಲಿ ವಿಮಾನದಿಂದ ಐದು ಬಾರಿ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಿದ್ದನ್ನು ಕೇಳಿದಾಗ, ಗೌರವಕ್ಕೆ ಸಿಕ್ಕ ಪದವಿಯ ಸಾಲವನ್ನು ಅವರು ತೀರಿಸುತ್ತಿದ್ದಾರೆ ಎಂದು ನನಗೆ ಅನ್ನಿಸಿತ್ತು.

ತಾನೇ ತೊಟ್ಟುಕೊಂಡ ಪದವಿಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. 1971ರಲ್ಲಿ ಯುಗಾಂಡದ ಅಧಿಕಾರ ಕಸಿದುಕೊಂಡ ಈದಿ ಅಮೀನ್ 1975ರಲ್ಲಿ ತನ್ನನ್ನು ತಾನೇ ಫೀಲ್ಡ್ ಮಾರ್ಷಲ್ ಮಾಡಿಕೊಂಡ. ಅವನ ಪೂರ್ಣ ಬಿರುದಾವಳಿಯಲ್ಲಿ ಭೂಮಿಯ ಮೃಗಗಳೂ ಸಮುದ್ರದ ಮೀನುಗಳೂ ಬರುತ್ತವೆ. ಅವನಿಗಿಂತ ನನಗೆ ಕುತೂಹಲ ಹುಟ್ಟಿಸುವವನು ಲಿಬಿಯಾದ ಗದ್ದಾಫಿ. 1969ರಲ್ಲಿ ಇಪ್ಪತ್ತೇಳರ ವಯಸ್ಸಿನ ಕಿರಿಯ ಅಧಿಕಾರಿಯಾಗಿ ದೇಶವನ್ನೇ ವಶಪಡಿಸಿಕೊಂಡವನು ಕರ್ನಲ್ ಆದ, 2011ರಲ್ಲಿ ಸಾಯುವವರೆಗೂ ಕರ್ನಲ್ ಆಗಿಯೇ ಉಳಿದ. ಜನರಲ್ ಆಗಬೇಡವೆಂದು ತಡೆಯುವವರು ಯಾರೂ ಇರಲಿಲ್ಲ. ಘಾನಾದ ಜೆರ್ರಿ ರಾಲಿಂಗ್ಸ್ ಕೂಡ ವರ್ಷಗಟ್ಟಲೆ ದೇಶ ಆಳಿದ್ದು ಫ್ಲೈಟ್ ಲೆಫ್ಟಿನೆಂಟ್ ಆಗಿಯೇ. ಬಡ್ತಿ ಕೊಡುವ ಕೈ ತನ್ನದೇ ಆದಾಗ ಬಡ್ತಿಯನ್ನು ನಿರಾಕರಿಸುವುದೂ ಒಂದು ಬಗೆಯ ಆಡಂಬರ. ‘ನಾನು ನಿಮ್ಮೊಳಗಿನವನು’ ಎಂದು ಸಿಪಾಯಿಗಳಿಗೆ ಹೇಳುವ ಅಗ್ಗದ ದಾರಿ. ನೆಪೋಲಿಯನ್‌ಗೆ ಇದನ್ನು ಸೈನಿಕರು ಕೊಟ್ಟಿದ್ದರು, ಇವರು ಯಾರಾದರೂ ಕೊಡಲೆಂದು ಕಾಯಲಿಲ್ಲ.

ಜನ ಪ್ರೀತಿಯಿಂದ ಹಂಚುವ ಪದವಿಗಳು ಸಾಮಾನ್ಯವಾಗಿ ನಡುವಿನವೇ ಆಗಿರುತ್ತವೆ, ಕ್ಯಾಪ್ಟನ್, ಮೇಜರ್, ಕರ್ನಲ್. ಜನರಲ್ ಎಂದರೆ ವ್ಯಂಗ್ಯದ ವಾಸನೆ ಬರುತ್ತದೆ, ಲೆಫ್ಟಿನೆಂಟ್ ಎಂದರೆ ಯಾರದೋ ಬಂಟ ಎಂದಾಗುತ್ತದೆ, ಸಿಪಾಯಿ ಎಂಬುದನ್ನು ಯಾರೂ ಬಿರುದಾಗಿ ಬಯಸುವುದಿಲ್ಲ. ನಡುವಿನ ಪದವಿಯಲ್ಲಿ ಆಜ್ಞೆ ಮಾಡುವ ಗತ್ತೂ ಇದೆ, ಕೈ ಕೆಸರು ಮಾಡಿಕೊಳ್ಳುವಷ್ಟು ಆಪ್ತತೆಯೂ ಇದೆ.

ನಿವೃತ್ತ ಸೇನಾಧಿಕಾರಿಗಳು ಹೆಸರು ಬರೆಯುವಾಗ ಪದವಿ ಮೊದಲು, ಹೆಸರು ಆಮೇಲೆ, ‘ನಿವೃತ್ತ’ ಎಂಬುದು ಕೊನೆಗೆ ಬರಬೇಕೆಂದು ಭಾರತೀಯ ಸೇನೆಯ ಸೂಚನೆಯಿದೆ. ನಿವೃತ್ತನಾಗುವುದು ಅಧಿಕಾರಿ, ಪದವಿಯಲ್ಲ ಎಂಬುದು ಅದರ ತರ್ಕ. ನಮ್ಮ ಮೇಜರ್ ಕೆಲಸದಿಂದ ನಿವೃತ್ತರಾದ ದಿನ ನಾನು ಈ ನಿಯಮವನ್ನು ಅವರಿಗೆ ಹೇಳಿ, ಬೀಳ್ಕೊಡುಗೆಯ ಪತ್ರದಲ್ಲಿ ಹೆಸರನ್ನು ಹಾಗೆಯೇ ಬರೆಯಿಸೋಣವೇ ಎಂದು ಕೇಳಿದೆ. ಯಾರೋ ಪಕ್ಕದಿಂದ ‘ಇವತ್ತಾದರೂ ಕರ್ನಲ್ ಮಾಡಿಬಿಡೋಣ ಸರ್’ ಎಂದರು. ಅವರು ಕೈಗಡಿಯಾರ ನೋಡಿಕೊಂಡು, ‘ಬೇಡ ಮಾರಾಯರೇ, ಮೇಜರ್ ಎಂದರೆ ನಗುತ್ತಾರೆ, ಕರ್ನಲ್ ಎಂದರೆ ಕಾಗದ ಕೇಳುತ್ತಾರೆ’ ಎಂದರು.