ಹನ್ನೆರಡು ನಿಮಿಷದ ಜಾಂಬಿ ಚಿತ್ರ: ರಕ್ತ ಸಿದ್ಧವಾಗಿದೆ, ಸದ್ದು ಬಾಕಿಯಿದೆ

ಶಿಡ್ಲಘಟ್ಟದ ಬಳಿ ನಾವು ಗೆಳೆಯರು ಸೇರಿ ತೆಗೆಯುತ್ತಿರುವ ಜಾಂಬಿ (ಸತ್ತು ಎದ್ದುಬರುವ ಶವ) ಕಿರುಚಿತ್ರದ ಕೆಲಸ ಈ ತಿಂಗಳು ಎರಡು ಕಡೆ ಮುಂದೆ ಸಾಗಿದೆ. ಮೇಕಪ್ಪಿನ ವಿಧಾನ ತೀರ್ಮಾನವಾಗಿದೆ, ಚಿತ್ರೀಕರಣಕ್ಕೆ ಜಾಗ ಸಿಕ್ಕಿದೆ. ಸದ್ದಿನ ಕೆಲಸ ಈಗಷ್ಟೇ ಆರಂಭವಾಗಿದ್ದು, ಕೈಯಲ್ಲಿ ಉಳಿದಿರುವ ಹಣದ ಬಹುಪಾಲನ್ನು ಅದಕ್ಕೇ ಎತ್ತಿಡಬೇಕೆಂದು ಒಪ್ಪಿದ್ದೇವೆ. ನಾವು ಸಾಲಾಗಿ ನೋಡುತ್ತ ಬಂದ ಅತಿ ಕಡಿಮೆ ಖರ್ಚಿನ ಜಾಂಬಿ ಚಿತ್ರಗಳೇ ಈ ಒಪ್ಪಂದಕ್ಕೆ ಕಾರಣ; ಆದ್ದರಿಂದ ಅವುಗಳಿಂದ ಕಲಿತದ್ದನ್ನೂ ಇಲ್ಲಿಯೇ ದಾಖಲಿಸುತ್ತಿದ್ದೇನೆ.

ಇವೆಲ್ಲಕ್ಕೂ ತಾಯಿಬೇರು 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’. ನಿರ್ದೇಶಕ ಜಾರ್ಜ್ ರೊಮೆರೊ ಮತ್ತು ಅವರ ಸಂಗಡಿಗರು ತಲಾ 600 ಡಾಲರ್ ಹಾಕಿ ಆರಂಭಿಸಿ, ಕಡೆಗೆ ಸುಮಾರು 1,14,000 ಡಾಲರಿನಲ್ಲಿ ಮುಗಿಸಿದ ಚಿತ್ರ ಅದು. ಹೇಗೂ ಕೆಡವಲಿದ್ದ ತೋಟದ ಮನೆಯೊಂದು ಸಿಕ್ಕಿದ್ದರಿಂದ ಗೋಡೆಗೆ ಮೊಳೆ ಹೊಡೆಯಲು, ಕಿಟಕಿ ಒಡೆಯಲು ಅವರು ಹಿಂಜರಿಯಬೇಕಾಗಲಿಲ್ಲ. ಕಪ್ಪು-ಬಿಳುಪಿನಲ್ಲಿ ತೆಗೆದದ್ದರಿಂದ ಚಾಕೊಲೇಟ್ ಸಿರಪ್ಪೇ ರಕ್ತವಾಯಿತು. ನಿರ್ಮಾಪಕರೇ ಬಣ್ಣ ಹಚ್ಚಿಕೊಂಡು ಪಾತ್ರಗಳನ್ನೂ ಮಾಡಿದರು. ನನಗೆ ಇದೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು, ಅವರು ಕಥೆಯನ್ನು ಕಿಸೆಯ ಅಳತೆಗೆ ಹೊಂದಿಸಿಕೊಂಡ ರೀತಿ: ಒಂದು ಮನೆ, ಒಂದು ರಾತ್ರಿ, ಒಳಗೆ ತಮ್ಮತಮ್ಮಲ್ಲೇ ಕಚ್ಚಾಡುವ ಏಳು ಜನ. ಹಂಚಿಕೆದಾರರು ಚಿತ್ರದ ಹೆಸರು ಬದಲಿಸಿದಾಗ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋಗಿ, ಅದು ಅಮೆರಿಕದಲ್ಲಿ ಯಾರು ಬೇಕಾದರೂ ಬಳಸಬಹುದಾದ ಸಾರ್ವಜನಿಕ ಸ್ವತ್ತಾಯಿತು. ಹೀಗೆ ಸುಲಭವಾಗಿ ಸಿಗುವ ಚಿತ್ರವಾದ್ದರಿಂದ, ನಾವು ಅದನ್ನು ಎಡಿಟಿಂಗ್ ತಂತ್ರಾಂಶದಲ್ಲಿ ಹಾಕಿಕೊಂಡು ಒಂದೊಂದೇ ಶಾಟನ್ನು ಬಿಡಿಸಿ ನೋಡಿದೆವು.

ಇನ್ನೊಂದು ತುದಿಯಲ್ಲಿ 1981ರ ‘ಜಾಂಬಿ ಲೇಕ್’ ಇದೆ. ಕೆರೆಯಿಂದ ಎದ್ದುಬರುವ ಶವಗಳ ಮುಖಕ್ಕೆ ಬಳಿದ ಹಸಿರು ಬಣ್ಣ ನೀರಿನಲ್ಲಿ ಬಿಟ್ಟುಕೊಳ್ಳುತ್ತದೆ. ಕೆರೆಯ ಆಳವೆಂದು ತೋರಿಸಿರುವುದು ಈಜುಕೊಳವೆಂಬುದು ನೋಡುವವರಿಗೆ ಗೊತ್ತಾಗುತ್ತದೆ. ದೋಷಗಳ ಪಟ್ಟಿ ಮಾಡಲು ಕುಳಿತವರು ಈ ಚಿತ್ರವನ್ನು ಬಿಡುವುದಿಲ್ಲ. ಆದರೂ ಬಣ್ಣ ಕರಗಿದ ಆ ಮುಖಗಳ ಬಗ್ಗೆ ನನಗೆ ಬೇಸರ ಮೂಡಲಿಲ್ಲ. ನಮ್ಮ ಕಡೆ ಹಬ್ಬ-ಜಾತ್ರೆಗಳಲ್ಲಿ ಆಡುವ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನಾಗಿ ನಿಂತವರು ಪಕ್ಕದ ಬೀದಿಯವರೆಂದು ಊರಿಗೆಲ್ಲ ಗೊತ್ತಿದ್ದರೂ, ಗದೆ ಹಿಡಿದು ಕಂದಪದ್ಯ ಎತ್ತಿದ ಕ್ಷಣದಿಂದ ಅವರು ದುರ್ಯೋಧನನೇ. ಕಣ್ಣಿಗೆ ಕಾಣುವ ಕೊರತೆಯನ್ನು ತುಂಬಿಕೊಳ್ಳಲು ನೋಡುಗರ ಮನಸ್ಸು ಸಿದ್ಧವಿರುತ್ತದೆ. ಎದುರಿಗಿರುವವರು ಮನಸ್ಸಿಟ್ಟು ಮಾಡುತ್ತಿದ್ದಾರೆಂಬುದು ತಿಳಿದರೆ ಸಾಕು.

ಮನಸ್ಸು ತುಂಬಿಕೊಳ್ಳಲಾರದ ಕೊರತೆಗಳು ಎರಡು. ಮೊದಲನೆಯದು ಎಳೆದಾಟ. ಪೂರ್ಣ ಪ್ರಮಾಣದ ಚಿತ್ರವೆನಿಸಿಕೊಳ್ಳಲೆಂದು ಎಪ್ಪತ್ತು-ಎಂಬತ್ತು ನಿಮಿಷಕ್ಕೆ ಹಿಗ್ಗಿಸಿದ ಚಿತ್ರಗಳಲ್ಲಿ ಜನ ಸುಮ್ಮನೆ ಕಾಡಿನಲ್ಲಿ ನಡೆಯುತ್ತಲೇ ಇರುತ್ತಾರೆ. ಎರಡನೆಯದು, ಅದಕ್ಕಿಂತ ಕೆಟ್ಟದ್ದು, ಸದ್ದು. ಕ್ಯಾಮೆರಾದ ಮೈಕಿನಲ್ಲಿಯೇ ಹಿಡಿದ ಮಾತು ಗೋಡೆಗೆ ಬಡಿದು ಮರಳುತ್ತದೆ, ಗಾಳಿ ಬೀಸಿದಾಗ ಒಂದಕ್ಷರವೂ ಕೇಳಿಸುವುದಿಲ್ಲ, ಶಾಟ್ ಬದಲಾದಾಗಲೆಲ್ಲ ಹಿನ್ನೆಲೆಯ ಗುಂಯ್‌ಗುಡುವಿಕೆಯೂ ಬದಲಾಗುತ್ತದೆ. ಮುಖದ ಮೇಲಿನ ಹಸಿರು ಬಣ್ಣವನ್ನು ಶವವೆಂದು ಒಪ್ಪಿಕೊಂಡ ನೋಡುಗರೇ, ಈ ಗದ್ದಲ ಶುರುವಾದ ಕೂಡಲೇ ಕಥೆಯಿಂದ ಹೊರಗೆ ಬಂದುಬಿಡುತ್ತಾರೆ.

ಕಡಿಮೆ ಹಣವನ್ನೇ ಬಲವಾಗಿ ಮಾಡಿಕೊಂಡವರೂ ಇದ್ದಾರೆ. ಬ್ರಿಟನ್ನಿನ ಮಾರ್ಕ್ ಪ್ರೈಸ್ 2008ರಲ್ಲಿ ಮುಗಿಸಿದ ‘ಕಾಲಿನ್’ ಚಿತ್ರಕ್ಕೆ ತಗುಲಿದ್ದು 45 ಪೌಂಡ್ ಎಂದು ಪ್ರಚಾರವಾಯಿತು. ಸಾಧಾರಣ ಕ್ಯಾಮ್‌ಕಾರ್ಡರಿನಲ್ಲಿ ತೆಗೆದ ಅದು ಇಡೀ ಕಥೆಯನ್ನು ಜಾಂಬಿಯ ಬೆನ್ನಿಗೆ ನಿಂತು ಹೇಳುತ್ತದೆ. ಮಂಕಾದ ಚಿತ್ರ, ನಡುಗುವ ಚೌಕಟ್ಟು ತನ್ನನ್ನೇ ಮರೆಯುತ್ತಿರುವ ಆ ಜೀವಕ್ಕೆ ಹೊಂದಿಕೊಳ್ಳುತ್ತವೆ. 2017ರ ಜಪಾನಿ ಚಿತ್ರ ‘ಒನ್ ಕಟ್ ಆಫ್ ದ ಡೆಡ್’ ಸುಮಾರು 30 ಲಕ್ಷ ಯೆನ್‌ನಲ್ಲಿ ಸಿದ್ಧವಾದದ್ದು. ಆರಂಭದ 37 ನಿಮಿಷ ಎಲ್ಲಿಯೂ ಕತ್ತರಿಸದ ಒಂದೇ ಟೇಕ್. ಅದರಲ್ಲಿ ಕಾಣುವ ಅಸಡ್ಡಾಳ ಮೌನಗಳಿಗೂ ಎಡವಟ್ಟುಗಳಿಗೂ ಕಾರಣ ಚಿತ್ರದ ಉತ್ತರಾರ್ಧದಲ್ಲಿ ತೆರೆದುಕೊಳ್ಳುವಾಗ, ಇಂಥ ಚಿತ್ರಗಳ ಹಿಂದೆ ದುಡಿಯುವವರ ಮೇಲೆ ಹುಟ್ಟುವ ಪ್ರೀತಿ ನನ್ನಲ್ಲಿ ಇನ್ನೂ ಹಾಗೇ ಇದೆ. ನೋಡದವರಿಗೆ ಕಥೆಯನ್ನು ಇದಕ್ಕಿಂತ ಹೆಚ್ಚು ಹೇಳಬಾರದು.

ನಮ್ಮ ಕಥೆಯಲ್ಲಿ ಸತ್ತವರು ಎದ್ದು, ಬದುಕಿದ್ದಾಗ ದುಡಿಯುತ್ತಿದ್ದ ರೇಷ್ಮೆ ನೂಲು ಬಿಚ್ಚುವ ಶೆಡ್ಡಿಗೆ ಹೊತ್ತಿಗೆ ಸರಿಯಾಗಿ ಹಾಜರಾಗುತ್ತಾರೆ. ಕೆಲಸ ನಿಂತು, ಯುಗಾದಿಯ ನಂತರ ಕೆಡವಲಿರುವ ಹಳೆಯ ಶೆಡ್ಡೊಂದನ್ನು ಅದರ ಮಾಲೀಕರು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿದ್ದಾರೆ. ಮೇಕಪ್ಪಿಗೆ ಪೌರಾಣಿಕ ನಾಟಕಗಳಿಗೆ ಬಣ್ಣ ಹಾಕುವ ಮೇಷ್ಟ್ರೊಬ್ಬರು ಒದಗಿದ್ದಾರೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಜಿಂಕ್ ಪೌಡರು ರಂಗದ ದೀಪಕ್ಕೆ ಚೆನ್ನಾಗಿದ್ದರೂ ಮೊಬೈಲ್ ಕ್ಯಾಮೆರಾದ ಹತ್ತಿರದ ಶಾಟಿನಲ್ಲಿ ಹೊಳೆಯುತ್ತಿತ್ತು. ಮೇಷ್ಟ್ರು ಅದಕ್ಕೆ ಬೂದಿ ಬೆರೆಸಿ ಹೊಳಪು ತಗ್ಗಿಸಿದರು. ಕಿತ್ತುಹೋದ ಚರ್ಮಕ್ಕೆ ದ್ರವ ಲೇಟೆಕ್ಸ್ ಕೊಳ್ಳುವ ಬದಲು, ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆ ತ್ಯಾಜ್ಯವನ್ನು ಮೈದಾ ಅಂಟಿನಲ್ಲಿ ಅದ್ದಿ, ಪದರ ಪದರವಾಗಿ ಕೆನ್ನೆಗೆ ಒತ್ತಿ ಒಣಗಿಸುತ್ತೇವೆ. ಒಣಗಿದಾಗ ಅಂಚು ತಾನೇ ಎದ್ದು ಸುರುಟಿಕೊಳ್ಳುತ್ತದೆ. ಅಷ್ಟು ನಂಬುವಂಥ ಗಾಯ ಯಾವ ಅಂಗಡಿಯ ಸಾಮಾನಿನಿಂದಲೂ ನಮಗೆ ಬರುತ್ತಿರಲಿಲ್ಲ.

ರಕ್ತಕ್ಕೆ ಬೆಲ್ಲದ ಪಾಕ, ಅಡುಗೆಯ ಕೆಂಪು ಬಣ್ಣ, ಸ್ವಲ್ಪ ಕಾಫಿ ಡಿಕಾಕ್ಷನ್. ಮೊಬೈಲಿನ ವೈಟ್ ಬ್ಯಾಲೆನ್ಸನ್ನು (ಬೆಳಕಿಗೆ ತಕ್ಕಂತೆ ಬಣ್ಣ ಸರಿಹೊಂದಿಸುವ ವ್ಯವಸ್ಥೆಯನ್ನು) ಲಾಕ್ ಮಾಡದಿದ್ದರೆ ಇದೇ ರಕ್ತ ಒಂದು ಶಾಟಿನಲ್ಲಿ ಕೆಂಪಾಗಿ, ಇನ್ನೊಂದರಲ್ಲಿ ಕಿತ್ತಳೆಯಾಗಿ ಕಾಣುತ್ತದೆ. ಇರುವೆ ಮುತ್ತುವುದರಿಂದ ಹಚ್ಚಿದ ಕೂಡಲೇ ಶಾಟ್ ಮುಗಿಸಬೇಕು.

ಇನ್ನು ಸದ್ದು. ಜಾಂಬಿಗಳಿಗೆ ನಮ್ಮಲ್ಲಿರುವ ನಟರು ಕೆಲವೇ ಜನ. ಗುಂಪನ್ನು ತೋರಿಸುವುದಕ್ಕಿಂತ ಕೇಳಿಸುವುದೇ ದಾರಿ: ಚೌಕಟ್ಟಿನಲ್ಲಿ ಎರಡು ಜೊತೆ ಕಾಲು, ಗೋಡೆಯಾಚೆ ಐವತ್ತು ಜನರ ಎಳೆದ ಹೆಜ್ಜೆ. ಹಲಸಿನ ಹಣ್ಣನ್ನು ಸೀಳಿ ತೊಳೆ ಕೀಳುವ ಸದ್ದು ಮಾಂಸ ಹರಿಯುವುದಕ್ಕೆ ಹೇಳಿಮಾಡಿಸಿದಂತಿದೆ. ಮೂಳೆಗೆ ಕಬ್ಬಿನ ಜಲ್ಲೆ ಮುರಿದು ಹಿಡಿದಿದ್ದೇವೆ. ಇವನ್ನು ಕಂಬಳಿ ಹೊದಿಸಿದ ಮಂಚದ ಅಡಿಯಲ್ಲಿ ಮೈಕಿಟ್ಟು ದಾಖಲಿಸಿದಾಗ ಪ್ರತಿಧ್ವನಿ ಬರಲಿಲ್ಲ. ಮಾತಿಗಾಗಿ ಕಾಲರ್ ಮೈಕ್ ಕೊಳ್ಳಬೇಕಾಗಿದೆ. ಪ್ರತಿ ಜಾಗದಲ್ಲಿಯೂ ಯಾರೂ ಮಾತನಾಡದೆ ಅರ್ಧ ನಿಮಿಷ ಅಲ್ಲಿನ ನಿಶ್ಶಬ್ದವನ್ನೇ ಹಿಡಿದಿಟ್ಟುಕೊಳ್ಳಬೇಕು. ಶಾಟುಗಳ ನಡುವಿನ ಬಿರುಕು ಮುಚ್ಚುವುದು ಅದರಿಂದಲೇ.

ಸ್ಕ್ರಿಪ್ಟಿನಲ್ಲಿ ನೀಲಗಿರಿ ತೋಪಿನೊಳಗೆ ನಡೆಯುವ ದೃಶ್ಯ ಮೂರು ನಿಮಿಷವಿತ್ತು. ಅದನ್ನು ನಲವತ್ತು ಸೆಕೆಂಡಿಗೆ ಇಳಿಸಿದ್ದೇವೆ. ಮುಂದಿನ ವಾರ ಶೆಡ್ಡಿನಲ್ಲಿ ನೂಲು ಬಿಚ್ಚುವ ಚರಕ ತಿರುಗುವ ಸದ್ದನ್ನು ಹಿಡಿಯಬೇಕಾಗಿದ್ದು, ಅಲ್ಲಿನ ಯಂತ್ರಗಳು ತುಕ್ಕು ಹಿಡಿದಿರುವುದರಿಂದ ಈಗಲೂ ನಡೆಯುತ್ತಿರುವ ಬೇರೊಂದು ಘಟಕದವರ ಅನುಮತಿಯನ್ನು ಕೇಳಿದ್ದೇವೆ.