ಮಳೆಗಾಲದ ಅಡುಗೆಮನೆ: ಸ್ಕೋನ್ ಮತ್ತು ಸೂಪ್

ತೀರ್ಥಹಳ್ಳಿ ತಾಲ್ಲೂಕಿನ ಹೋಂಸ್ಟೇ ಒಂದರಲ್ಲಿ ಅಡುಗೆಯ ಹೊಣೆ ನನ್ನದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ತಿರುಗಾಡಿ, ನೆನೆದು ಮರಳುವ ಅತಿಥಿಗಳಿಗೆ ಸಂಜೆ ಬಿಸಿ ಸೂಪ್, ಜೊತೆಗೆ ಆಗತಾನೆ ಬೆಂದ ಸ್ಕೋನ್ (ಚಿಕ್ಕ ಬನ್ನಿನಂಥ ತಿಂಡಿ) ಕೊಡುವುದು ನಮ್ಮಲ್ಲಿ ರೂಢಿ. ಸ್ಕೋನ್ ಸ್ಕಾಟ್ಲೆಂಡ್ ಕಡೆಯ ತಿಂಡಿಯಾದರೂ ಯೀಸ್ಟ್ ಬೇಡದ, ಹಿಟ್ಟು ಹುಳಿ ಬರುವವರೆಗೆ ಕಾಯಬೇಕಿಲ್ಲದ ಅದು ನಮ್ಮ ಮಳೆಗಾಲಕ್ಕೆ ಚೆನ್ನಾಗಿ ಒಗ್ಗುತ್ತದೆ. ಪುಸ್ತಕದ ಅಳತೆಯನ್ನು ಇಲ್ಲಿಯ ಗಾಳಿಗೆ ಹೊಂದಿಸಿಕೊಳ್ಳದೆ ಮಲೆನಾಡಿನಲ್ಲಿ ಈ ಕೆಲಸ ಸಾಗುವುದಿಲ್ಲ ಎಂಬುದು ಒಲೆಯ ಮುಂದೆ ನಿಂತು ನಾನು ಕಲಿತ ಪಾಠ.

ನಾವು ಬಳಸುವ ಅಳತೆ ಸರಳ: 250 ಗ್ರಾಂ ಮೈದಾ, ಒಂದು ಟೇಬಲ್ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಉಪ್ಪು, 60 ಗ್ರಾಂ ಬೆಣ್ಣೆ, ಸುಮಾರು 150 ಮಿಲಿಲೀಟರ್ ಹಾಲು. ಫ್ರಿಜ್‌ನಿಂದ ತೆಗೆದ ಗಟ್ಟಿ ಬೆಣ್ಣೆಯನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿ, ಅಂಗೈ ತಾಗಿಸದೆ ಬೆರಳ ತುದಿಯಿಂದಲೇ ಹಿಟ್ಟಿಗೆ ಉಜ್ಜಬೇಕು. ಬೆಣ್ಣೆ ಕರಗದೆ ಸಣ್ಣ ಚೂರುಗಳಾಗಿ ಉಳಿದರೆ ಮಾತ್ರ ಒಲೆಯ ಶಾಖಕ್ಕೆ ಅದರೊಳಗಿನ ನೀರು ಆವಿಯಾಗಿ ಸ್ಕೋನ್ ಪದರು ಪದರಾಗಿ ಉಬ್ಬುತ್ತದೆ. ಆಷಾಢದ ಗಾಳಿಯಲ್ಲಿ ಡಬ್ಬಿಯ ಮೈದಾ ತಾನೇ ತೇವ ಹೀರಿಕೊಂಡಿರುತ್ತದೆ. ಹಾಗಾಗಿ ಹಾಲಿನಲ್ಲಿ ಎರಡು ಮೂರು ಚಮಚದಷ್ಟನ್ನು ಮೊದಲೇ ತೆಗೆದಿಟ್ಟು, ಹಿಟ್ಟು ಒಣಗಿದಂತೆ ಕಂಡರೆ ಮಾತ್ರ ಕೊನೆಗೆ ಸೇರಿಸುತ್ತೇನೆ. ನಮ್ಮ ಸಹಾಯಕಿ ಹೊಸದಾಗಿ ಬಂದಾಗ, "ಅಕ್ಕಾ, ಹಿಟ್ಟು ಅಂಟ್ತಾ ಇದೆ, ಇನ್ನೊಂದು ಮುಷ್ಟಿ ಮೈದಾ ಹಾಕ್ಲಾ?" ಎಂದು ಕೇಳುತ್ತಿದ್ದಳು. ಹಾಗೆ ಹಿಟ್ಟು ಸುರಿದು ನಾದಿದಷ್ಟೂ ಸ್ಕೋನ್ ಗಟ್ಟಿಯಾಗುತ್ತದೆ; ಹಿಟ್ಟು ಸೇರಿಸುವುದಕ್ಕಿಂತ ಹಾಲು ಹಿಡಿದಿಡುವುದೇ ಮೇಲು ಎಂದು ಅವಳಿಗೆ ಕೈಯಲ್ಲೇ ತೋರಿಸಿಕೊಟ್ಟೆ. ಈಗ ಅವಳು ಹಿಟ್ಟು ಮುಟ್ಟಿ ನೋಡಿಯೇ ಹಾಲಿನ ಪ್ರಮಾಣ ಹೇಳುತ್ತಾಳೆ.

ತೇವಕ್ಕೆ ಬೇಕಿಂಗ್ ಪೌಡರ್ ಕೂಡ ಶಕ್ತಿ ಕಳೆದುಕೊಳ್ಳುತ್ತದೆ. ಒಂದು ಚಿಟಿಕೆಯನ್ನು ಬಿಸಿನೀರಿಗೆ ಹಾಕಿದಾಗ ಕೂಡಲೇ ನೊರೆಯುಕ್ಕದಿದ್ದರೆ ಆ ಡಬ್ಬಿಯನ್ನು ಬಳಸುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದ ಊರು ನಮ್ಮದು. ಬೆಣ್ಣೆ ಉಜ್ಜಿದ ಒಣ ಹಿಟ್ಟನ್ನು ಮಧ್ಯಾಹ್ನವೇ ಸಿದ್ಧಪಡಿಸಿ ಫ್ರಿಜ್‌ನಲ್ಲಿಟ್ಟು, ಓವನ್ 220 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಮೇಲಷ್ಟೇ ಹಾಲು ಬೆರೆಸುವುದರಿಂದ ಕಲಸಿದ ಹಿಟ್ಟು ಕಾದು ಕೂರುವ ಪ್ರಸಂಗ ಬರುವುದಿಲ್ಲ. ಅಚ್ಚನ್ನು ತಿರುಚದೆ ನೇರವಾಗಿ ಒತ್ತಿ ತೆಗೆದರೆ ಅಂಚು ಮುಚ್ಚಿಕೊಳ್ಳದೆ ಸ್ಕೋನ್ ನೆಟ್ಟಗೆ ಏಳುತ್ತದೆ. ಹನ್ನೆರಡರಿಂದ ಹದಿನೈದು ನಿಮಿಷ ಬೇಯಿಸಿದರೆ ಸಾಕು.

ಸೂಪಿಗೆ ಪೇಟೆಯ ತರಕಾರಿಯನ್ನು ನಾನು ಅಷ್ಟಾಗಿ ಆಶ್ರಯಿಸುವುದಿಲ್ಲ. ಬಾಳೆಪಟ್ಟೆಯಲ್ಲಿ ಕಟ್ಟಿ ತೊಲೆಗೆ ನೇತುಹಾಕಿದ ಮೊಗೆಕಾಯಿ (ಮಂಗಳೂರು ಸೌತೆ) ತಿಂಗಳುಗಟ್ಟಲೆ ಕೆಡುವುದಿಲ್ಲ. ಅದನ್ನು ಈರುಳ್ಳಿಯೊಡನೆ ಬೇಯಿಸಿ, ರುಬ್ಬಿ, ತೆಳು ತೆಂಗಿನಹಾಲು ಸೇರಿಸಿದರೆ ಹೊಟ್ಟೆಗೆ ಹಗುರವಾದ ಸೂಪ್ ಆಗುತ್ತದೆ. ಸಿಹಿಗುಂಬಳದ ಸೂಪಿಗೆ ಶುಂಠಿಯ ಜೊತೆ ನಮ್ಮ ತೋಟದ ಕಾಳುಮೆಣಸನ್ನು ಬಡಿಸುವ ಹೊತ್ತಿಗೆ ಕುಟ್ಟಿ ಹಾಕುತ್ತೇನೆ, ಏಕೆಂದರೆ ಮೊದಲೇ ಪುಡಿ ಮಾಡಿಟ್ಟ ಮೆಣಸಿನಲ್ಲಿ ಖಾರ ಉಳಿದರೂ ಪರಿಮಳ ಉಳಿಯುವುದಿಲ್ಲ.

ಕಳಲೆಯ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಎಳೆ ಬಿದಿರಿನಲ್ಲಿ ಸೈನೈಡ್ ಉಂಟುಮಾಡುವ ಅಂಶ ಇರುವುದರಿಂದ ಹಿರಿಯರು ಅದನ್ನು ತೆಳುವಾಗಿ ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಮೂರು ದಿನ ನೆನೆಸಿಯೇ ಅಡುಗೆಗೆ ಬಳಸುತ್ತಿದ್ದರು. ನಾನೂ ಹಾಗೆಯೇ ನೆನೆಸಿ, ಆಮೇಲೆ ಚೆನ್ನಾಗಿ ಕುದಿಸಿ, ಆ ನೀರನ್ನು ಚೆಲ್ಲಿ, ತೊಗರಿಬೇಳೆಯ ಕಟ್ಟಿನಲ್ಲಿ ಬೇಯಿಸುತ್ತೇನೆ. ಅತಿಥಿಗಳು ಇವತ್ತೇ ಬೇಕೆಂದು ಎಷ್ಟೇ ಒತ್ತಾಯಿಸಿದರೂ ನೆನೆಯದ ಕಳಲೆ ನಮ್ಮ ಒಲೆ ಏರುವುದಿಲ್ಲ; ಅಂಥವರಿಗೆ ಆ ಸಂಜೆ ಮೊಗೆಕಾಯಿ ಸೂಪನ್ನೇ ಕೊಡುತ್ತೇವೆ.

ಸೂಪಿನೊಡನೆ ಕೊಡುವ ಸ್ಕೋನಿಗೆ ಸಕ್ಕರೆ ಹಾಕದೆ ಓಮವನ್ನೋ ಕರಿಬೇವಿನ ಚೂರನ್ನೋ ಸೇರಿಸುತ್ತೇವೆ. ಸಿಹಿ ಬೇಕೆನ್ನುವವರಿಗೆ ಬೆಣ್ಣೆ ಮತ್ತು ಜೋನಿಬೆಲ್ಲವನ್ನು (ದ್ರವರೂಪದ ಬೆಲ್ಲ) ಬೇರೆಯಾಗಿ ಬಡಿಸುತ್ತೇವೆ. ದೂರದ ಜಾಮ್ ತರಿಸುವುದಕ್ಕಿಂತ ನಮ್ಮ ಆಲೆಮನೆಯ ಬೆಲ್ಲವೇ ಬಿಸಿ ಸ್ಕೋನಿಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.