ಆಪತ್ಕಾಲಕ್ಕೆ ಮೊಳಕೆ ಕಾಳು: ಹಳೆಯ ಡಬ್ಬಿಗಳ ಪರೀಕ್ಷೆ ಮುಗಿಯಿತು

ಆಪತ್ಕಾಲದಲ್ಲಿ ಮೊಳಕೆ ಬರಿಸಿ ತಿನ್ನಲೆಂದು ಕೂಡಿಟ್ಟ ಕಾಳು, ಬೀಜಗಳು ಇನ್ನೂ ಮೊಳೆಯುತ್ತವೆಯೇ ಎಂದು ನೋಡಿದೆ. ಹೆಸರುಕಾಳು ಗಟ್ಟಿಯಾಗಿ ನಿಂತಿದೆ. ಒದ್ದೆ ಬಟ್ಟೆಯಲ್ಲಿ ಸಾಲಾಗಿಟ್ಟು ಸುತ್ತಿದ 100 ಕಾಳಿನಲ್ಲಿ 90ಕ್ಕೂ ಹೆಚ್ಚು ಮೊಳೆತವು. ಗೋಧಿ, ಮೆಂತ್ಯ ಕೂಡ ಪರವಾಗಿಲ್ಲ. ಮೂಲಂಗಿ ಬೀಜ ಮಾತ್ರ ಸೊರಗುತ್ತಿದೆ. ಮೊಳೆತ ಬೀಜಗಳ ಸಂಖ್ಯೆ ಇನ್ನೂ ಅಷ್ಟಾಗಿ ಇಳಿದಿಲ್ಲ, ಆದರೆ ಬೇರು ತಡವಾಗಿ, ಸಣಕಲಾಗಿ ಬರುತ್ತಿದೆ. ಮುಪ್ಪಾದ ಬೀಜ ಮೊದಲು ತೋರಿಸುವುದು ಇದೇ ಲಕ್ಷಣ. ಆ ಡಬ್ಬಿಯನ್ನು ದಿನಬಳಕೆಗೆ ಇಳಿಸಿ, ಅದರ ಜಾಗಕ್ಕೆ ಹೊಸ ಬೀಜ ಒಣಗಿಸಲು ಇಟ್ಟಿದ್ದೇನೆ. ಸತ್ತ ಕಾಳು ಸುಮ್ಮನೆ ಕೂರುವುದಿಲ್ಲ, ನೆನೆಸಿದ ಮೇಲೆ ಲೋಳೆಯಾಗಿ ಪಕ್ಕದ ಕಾಳನ್ನೂ ಕೆಡಿಸುತ್ತದೆ.

ಈ ಬಾರಿ ಹೆಚ್ಚು ಗಮನ ಕೊಟ್ಟಿದ್ದು ಒಣಗಿಸುವುದಕ್ಕೆ. ಬೀಜದ ತೇವಾಂಶ ಶೇಕಡಾ 1ರಷ್ಟು ಇಳಿದರೆ ಅದರ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ, ಉಷ್ಣಾಂಶ 5 ಡಿಗ್ರಿ ಇಳಿದರೆ ಮತ್ತೊಮ್ಮೆ ಇಮ್ಮಡಿ. ಇದು ಬೀಜ ವಿಜ್ಞಾನಿ ಹ್ಯಾರಿಂಗ್ಟನ್ ಅವರ ಸೂತ್ರ. ತೇವಾಂಶ ಶೇಕಡಾ 5ರಿಂದ 14ರ ನಡುವೆ ಇದ್ದಾಗ ಮಾತ್ರ ಅನ್ವಯಿಸುವ ಅಂದಾಜು ಲೆಕ್ಕ. 12ರಿಂದ 8ಕ್ಕೆ ಇಳಿಸಿದರೂ ಲೆಕ್ಕದಲ್ಲಿ 16 ಪಟ್ಟು! ಹಾಗಂತ ಹೆಚ್ಚು ಬಿಸಿ ಕೊಟ್ಟು ಒಣಗಿಸಿದರೆ ಒಳಗಿನ ಭ್ರೂಣವೇ ಸಾಯುತ್ತದೆ. ನಾನು ತೇವ ಹೀರುವ ಸಿಲಿಕಾ ಜೆಲ್ ಮಣಿಗಳ ಜೊತೆ ಗಾಜಿನ ಜಾಡಿಯಲ್ಲಿ ಮುಚ್ಚಿಡುತ್ತೇನೆ, ಮಣಿಗಳ ಬಣ್ಣ ತಿರುಗಿದರೆ ಬದಲಿಸುತ್ತೇನೆ. ಒಣಗಿದೆಯೋ ಇಲ್ಲವೋ ನೋಡಲು ಒಂದು ಕಾಳನ್ನು ಸುತ್ತಿಗೆಯಿಂದ ಹೊಡೆಯುವುದು: ಚಟ್ಟನೆ ಒಡೆದು ಚೂರಾದರೆ ಸರಿ, ಜಜ್ಜಿ ಚಪ್ಪಟೆಯಾದರೆ ಇನ್ನೂ ತೇವವಿದೆ.

ಒಣಗಿದ ನಂತರವೇ ಫ್ರೀಜರ್. ಮೈನಸ್ 18 ಡಿಗ್ರಿಯಲ್ಲಿ ವಾರವಿಟ್ಟರೆ, ಹೊಲದಿಂದಲೇ ಕಾಳಿನೊಳಗೆ ಬಂದಿರುವ ಹುಳುವಿನ ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಜಾಡಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆಗೆಯಬಾರದು, ತೆಗೆದರೆ ತಣ್ಣಗಿನ ಕಾಳಿನ ಮೇಲೆಲ್ಲ ನೀರು ಕೂರುತ್ತದೆ.

ಬಿತ್ತನೆಗೆಂದು ಔಷಧ ಲೇಪಿಸಿದ ಬೀಜ ಇದಕ್ಕೆ ಬೇಡವೇ ಬೇಡ. ರಾಜ್ಮಾ ಕೂಡ ಇಡುತ್ತಿಲ್ಲ, ಅದರ ಹಸಿ ಮೊಳಕೆಯಲ್ಲಿ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನ್ ಇರುತ್ತದೆ.

ಮೊಳಕೆಯಿಂದ ಹೊಟ್ಟೆ ತುಂಬುತ್ತದೆ ಎಂದು ನಾನು ಹೇಳುವುದಿಲ್ಲ. 100 ಗ್ರಾಂ ಹೆಸರುಕಾಳಿನ ಮೊಳಕೆಯಲ್ಲಿ ಇರುವುದು ಸುಮಾರು 30 ಕ್ಯಾಲೊರಿ, ಉಳಿದದ್ದು ಬಹುಪಾಲು ನೀರು. ಅದರ ಬೆಲೆ ಬೇರೆ ಕಡೆ ಇದೆ: ಒಣ ಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವ ವಿಟಮಿನ್ ಸಿ ಮೊಳೆಯುವಾಗ ಹುಟ್ಟಿಕೊಳ್ಳುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಿಜ್ಞಾನಿ ಹ್ಯಾರಿಯೆಟ್ ಚಿಕ್ ಮತ್ತು ಸಂಗಡಿಗರು, ಮೊಳೆತ ಕಾಳು ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ರೋಗವನ್ನು ತಡೆಯುತ್ತದೆಂದು ತೋರಿಸಿದರು. ತಾಜಾ ತರಕಾರಿ ಸಿಗದ ವಾರಗಳಿಗೆ ನನಗೆ ಬೇಕಿರುವುದು ಇದೇ. ಹೊಟ್ಟೆ ತುಂಬಲು ಮೊಳಕೆ ಸಾಲದೆಂದೇ, ಮೊಳೆಯದಿದ್ದರೂ ಬೇಯಿಸಿ ಉಣ್ಣಬಹುದಾದ ಹೆಸರು, ಮಸೂರ, ಗೋಧಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಬರೀ ಮೊಳಕೆಗೆಂದೇ ಇಡುವ ಪುಟ್ಟ ಬೀಜಗಳು ಸ್ವಲ್ಪ ಸಾಕು.

ಹಸಿಯಾಗಿ ತಿನ್ನುವ ಯೋಜನೆ ಇಲ್ಲ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ. ಕೋಲಿ ಬ್ಯಾಕ್ಟೀರಿಯಾದ ಸೋಂಕಿಗೆ 50ಕ್ಕೂ ಹೆಚ್ಚು ಜನ ಬಲಿಯಾದರು. ಆಪತ್ತಿನ ಹೊತ್ತಿನಲ್ಲಿ ವೈದ್ಯರು ಹತ್ತಿರವಿರುತ್ತಾರೆಂಬ ಭರವಸೆಯಿಲ್ಲ. ವಿಟಮಿನ್ ಸ್ವಲ್ಪ ಹೋದರೂ ಬೇಯಿಸಿಯೇ ತಿನ್ನುವುದು.

ಇನ್ನು ನೀರಿನ ಲೆಕ್ಕ ಬಾಕಿ. ನೆನೆಸುವುದಕ್ಕಷ್ಟೇ ಅಲ್ಲ, ದಿನಕ್ಕೆ ಎರಡು ಮೂರು ಸಲ ತೊಳೆಯುವುದಕ್ಕೂ ಕುಡಿಯುವ ನೀರೇ ಬೇಕು. ಒಂದು ಹಿಡಿ ಕಾಳಿಗೆ ಎಷ್ಟು ಲೀಟರ್ ಎಂದು ಅಳೆದು, ಅಷ್ಟನ್ನು ನೀರಿನ ದಾಸ್ತಾನಿಗೆ ಸೇರಿಸಬೇಕು. ಮುಂದಿನ ಕೆಲಸ ಅದೇ.